ಎದೆಪಟ್ಟಿ

ಗೊಂಬೆಗೆ ಸೀರೆ ಉಡಿಸುವ ಕೆಲಸ ಕೊನೆಗೆ ತನ್ನ ತಲೆಗೇ ಬರುತ್ತದೆಂದು ಕಾಶಿನಾಥನಿಗೆ ಗೊತ್ತಿತ್ತು. ಗಾಜಿನ ಕೋಣೆಯ ನಡುವೆ, ನೆತ್ತಿಗೆ ಹಾಕಿದ ಕೊಕ್ಕೆಯಿಂದ ನೇತುಬಿದ್ದು, ಅಂಗಾಲು ನೆಲಕ್ಕೆ ತಾಕಿಯೂ ತಾಕದ ಹಾಗೆ ಅದು ನಿಂತಿತ್ತು. ಮನುಷ್ಯನಷ್ಟೇ ಎತ್ತರ, ಬೂದಿ ಬಣ್ಣದ ಬಟ್ಟೆಯ ಚರ್ಮ, ಒಳಗೆ ಕಾಯುವ ತಂತಿ, ಮೈತುಂಬ ಸೂಜಿಮೊನೆಯಷ್ಟು ತೂತು. ಅದರ ಡಬ್ಬಿಗೆ ನೀರು ತುಂಬಿ ಗುಂಡಿ ಒತ್ತಿದರೆ ಹಣೆ, ಕಂಕುಳು, ಬೆನ್ನು ಎಲ್ಲ ಕಡೆ ಬೆವರುತ್ತಿತ್ತು. ಯಾವ ಬಟ್ಟೆ ತೊಟ್ಟರೆ ಮೈಯ ಕಾವು ಎಷ್ಟು ಹೊರಗೆ ಹೋಗುತ್ತದೆ, ಎಷ್ಟು ಒಳಗೇ ಉಳಿಯುತ್ತದೆ ಎಂದು ತೋರಿಸುವುದು ಅದರ ಕೆಲಸ. ನೀರು ತುಂಬುವುದು, ಬಟ್ಟೆ ತೊಡಿಸುವುದು, ಬಿಚ್ಚಿ ಒಗೆದು ಒಣಗಿಸುವುದು ಕಾಶಿನಾಥನ ಕೆಲಸ. ಇಷ್ಟು ವರ್ಷ ಪ್ಯಾಂಟು, ಅಂಗಿ, ಕಾರ್ಖಾನೆಯ ದಪ್ಪ ಸಮವಸ್ತ್ರ ತೊಡಿಸಿದ್ದ. ಇವತ್ತು ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು. ಕಟ್ಟಡ ಕೆಲಸದ ಹೆಂಗಸರು ಹಾಕಿಕೊಳ್ಳುವ ಹಾಗೆಯೇ ಇರಬೇಕು, ಹೊಸ ಸೀರೆಯಾದರೆ ಅದರ ಗಂಜಿ ಅಳತೆಯನ್ನು ಕೆಡಿಸುತ್ತದೆ ಎಂದು ಪ್ರೊಫೆಸರ್ ರಾಮಕೃಷ್ಣ ಹೇಳಿದ್ದರಿಂದ ಹೆಂಡತಿ ತಾರಾಳ ಹಳೆಯ ಹಸಿರು ಸೀರೆಯನ್ನು ತಂದಿದ್ದ. ಯಾರಿಗೆ ಎಂದು ಅವಳು ಕೇಳಿದಾಗ, ಒಬ್ಬಾಕಿಗೆ ಬೇಕಾಗೈತಿ ಎಂದು ಗುರುಗುಟ್ಟಿದ್ದ. ಪಾಪ, ಉಟ್ಟುಕೊಳ್ಳಲಿ ಎಂದು ಅವಳು ಜೊತೆಗೊಂದು ಕುಪ್ಪಸವನ್ನೂ ಮಡಚಿ ಇಟ್ಟಿದ್ದಳು. ಆ ಕುಪ್ಪಸ ಚೀಲದ ತಳದಲ್ಲೇ ಉಳಿದಿತ್ತು.

ಗಾಜಿನ ಆಚೆ ಸಂಶೋಧನೆಯ ಹುಡುಗರು ನಿಂತಿದ್ದರು. ಒಬ್ಬ ಫೋನಿನಲ್ಲಿ ಸೀರೆ ಉಡುವ ವಿಡಿಯೊ ತೆಗೆದು ಗಾಜಿಗೆ ಒತ್ತಿ ಹಿಡಿದಿದ್ದ. ಅದು ಮದುವೆಗೆ ಹೋಗುವವರ ಉಡುಗೆ. ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊರುವವರು ಹಾಗೆ ಉಡುವುದಿಲ್ಲ. ನಿರಿಗೆ ಕಡಿಮೆ ಹಿಡಿದು, ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಬಿಗಿದು, ಮೇಲೆ ಅಂಗಿ ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕುತ್ತಾರೆ. ಕಾಶಿನಾಥ ಗೊಂಬೆಯ ಸೊಂಟಕ್ಕೆ ಎರಡೂ ಕೈ ಸುತ್ತಿ ಸೀರೆಯನ್ನು ಹಿಂದಿನಿಂದ ಎಳೆದುಕೊಳ್ಳುವಾಗ ಅವನ ಕೆನ್ನೆ ಅದರ ಎದೆಗೆ ತಾಗಿತು. ಹೊರಗೆ ಯಾರೋ ನಕ್ಕರು. ಕಾಶಿ ಭಯ್ಯಾಗೆ ಎಲ್ಲ ಬರುತ್ತದೆ ಎಂದು ಇನ್ನೊಬ್ಬ ಹಿಂದಿಯಲ್ಲಿ ಅಂದ. ಕಾಶಿನಾಥನ ನೆತ್ತಿಗೆ ಸಿಟ್ಟೇರಿತು. ಹಳ್ಳಿಯ ಸಾಲಿಯಲ್ಲಿ ಮಾಸ್ತರ ಹೊಡೆತ ತಿಂದು ಹತ್ತನೆಯ ಇಯತ್ತೆಗೆ ನಿಂತವನು, ಈ ಹುಡುಗರು ಹುಟ್ಟುವ ಮೊದಲು ಈ ತೆಲುಗು ಊರಿಗೆ ಬಂದವನು, ಇವರ ಚಹಾದ ಲೋಟ ಎತ್ತಿದವನು. ಸೀರೆಯನ್ನು ಜಗ್ಗಿ ಎಳೆದ. ಗೊಂಬೆ ತೂಗಾಡಿ ಅದರ ಹಿಮ್ಮಡಿ ನೆಲಕ್ಕೆ ಗೀರಿತು, ಯಂತ್ರವೊಂದು ಕುಂಯ್ ಎಂದಿತು. ಪ್ರೊಫೆಸರ್ ಕುರ್ಚಿಯಿಂದ ಅರ್ಧ ಎದ್ದು, ಮೆಲ್ಲಗೆ, ಮೆಲ್ಲಗೆ ಎಂದು ತೆಲುಗಿನಲ್ಲಿ ಅಂದರು. ಅವರ ದನಿಯಲ್ಲಿ ನಿಜವಾದ ಗಾಬರಿ ಇತ್ತು. ಕಾಶಿನಾಥ ಗೊಂಬೆಯ ಭುಜ ಹಿಡಿದು ನಿಲ್ಲಿಸಿದ, ಅಂಗಿಯ ಗುಂಡಿ ಹಾಕಿದ, ಟವೆಲನ್ನು ಹಣೆಯ ಮೇಲಿಂದ ತಂದು ಬಾಯಿ ಮುಚ್ಚುವ ಹಾಗೆ ಸುತ್ತಿ ಕಿವಿಯ ಹಿಂದೆ ಸಿಕ್ಕಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಅಲ್ಲಿ ಗದಿಗೆಮ್ಮ ನಿಂತಿದ್ದಳು. ಹಿಂದಿನ ವಾರ ಲಿಂಗಂಪಲ್ಲಿಯ ಆಚೆ, ನಾಲ್ಕನೆಯ ಅಂತಸ್ತಿನ ಸ್ಲ್ಯಾಬಿನ ಮೇಲೆ, ಎದೆಬಡಿತ ಅಳೆಯುವ ಈ ಸಂಸ್ಥೆಯ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡೇ ಸತ್ತುಹೋದ ಗದಿಗೆಮ್ಮ.

ಹೊರಗೆ ಬಂದಾಗ ಶ್ರೀವಿದ್ಯಾ ತನ್ನ ಮೇಜಿನಿಂದ ಕರೆದಳು. ಮೈಸೂರಿನ ಹುಡುಗಿ, ಈ ಅಧ್ಯಯನದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವಳು. ಬಿಸಿಲಿನಲ್ಲಿ ದುಡಿಯುವ ಹೆಂಗಸರ ಮೈ ಎಷ್ಟು ಕಾಯುತ್ತದೆ ಎಂಬುದು ಅವಳ ವಿಷಯ. ಅವಳು ಅವನನ್ನು ಕಾಶಿನಾಥ್ ಅವರೇ ಎಂದೇ ಕರೆಯುತ್ತಿದ್ದಳು. ಆ ಮರ್ಯಾದೆಯೂ ಅವನಿಗೆ ಚುಚ್ಚುತ್ತಿತ್ತು, ಕುರ್ಚಿ ಕೊಟ್ಟು ಕೂತುಕೊಳ್ಳಲು ಹೇಳಿ ತಾನು ನಿಂತೇ ಇರುವವರ ಹಾಗೆ. ಪರದೆಯ ಮೇಲೆ ಗದಿಗೆಮ್ಮನ ಕೊನೆಯ ದಿನದ ಎರಡು ಗೆರೆಗಳಿದ್ದವು. ಕೆಂಪು ಗೆರೆ ಎದೆಬಡಿತ, ಪಟ್ಟಿ ಅಳೆದದ್ದು. ನೀಲಿ ಗೆರೆ ಮೈಯೊಳಗಿನ ಕಾವು, ಯಾರೂ ಅಳೆಯದ್ದು. ಹೊಟ್ಟೆಯೊಳಗೆ ಥರ್ಮಾಮೀಟರು ಇಡುವ ಹಾಗಿಲ್ಲವಾದ್ದರಿಂದ ಎದೆಬಡಿತದ ಏರಿಳಿತ ನೋಡಿ ಒಳಗಿನ ಕಾವನ್ನು ಊಹಿಸುವ ಒಂದು ಲೆಕ್ಕ. ಆ ಲೆಕ್ಕವನ್ನೇ ಇವರು ಮಾಡೆಲ್ ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಎರಡೂ ಗೆರೆ ಜೊತೆಜೊತೆಯಾಗಿ ಏರಿದ್ದವು, ಊಟದ ಹೊತ್ತಿಗೆ ಸ್ವಲ್ಪ ಇಳಿದಿದ್ದವು, ಮತ್ತೆ ಏರಿದ್ದವು, ನಿಲ್ಲದೆ ಏರಿದ್ದವು. ಆಮೇಲೆ ಕೆಂಪು ಗೆರೆ ಹೆದರಿದ ಇಲಿಯಂತೆ ಮೇಲಕ್ಕೂ ಕೆಳಕ್ಕೂ ಓಡಾಡಿ, ಒಮ್ಮೆಲೇ ನೆಲಕ್ಕೆ ಬಿದ್ದಿತ್ತು. ನೀಲಿ ಗೆರೆ ಬಿದ್ದಿರಲಿಲ್ಲ. ಅದು ತುದಿಯಲ್ಲಿ ಒಂದು ಕ್ಷಣ ನಿಂತು, ಗುಡ್ಡದ ಮೇಲಿಂದ ಕುರಿ ಇಳಿದ ಹಾಗೆ ನಿಧಾನವಾಗಿ ಇಳಿದು ಇಳಿದು, ಆರೋಗ್ಯವಂತರ ಮೈ ಇರಬೇಕಾದಲ್ಲಿ ಬಂದು ನಿಂತಿತ್ತು.

ಶ್ರೀವಿದ್ಯಾ ಆ ಇಳಿಜಾರನ್ನು ಬೆರಳಿನಿಂದ ತೋರಿಸಿದಳು. ಈ ಲೆಕ್ಕಕ್ಕೆ ಸಾವು ಗೊತ್ತಿಲ್ಲ ಎಂದಳು. ಬಡಿತ ಕಡಿಮೆಯಾದರೆ ಮನುಷ್ಯ ನೆರಳಿಗೆ ಹೋಗಿ ಕೂತಿದ್ದಾನೆ, ದಣಿವಾರಿಸಿಕೊಳ್ಳುತ್ತಿದ್ದಾನೆ, ತಣ್ಣಗಾಗುತ್ತಿದ್ದಾನೆ ಎಂದೇ ಅದು ತಿಳಿಯುತ್ತದೆ. ಹಾಗಾಗಿ ಇಲ್ಲಿಂದ ಮುಂದಿನದನ್ನು ತೆಗೆದುಹಾಕಬೇಕು. ಹೇಳುತ್ತಲೇ ಅವಳು ಆ ಭಾಗವನ್ನು ಗುರುತು ಮಾಡಿದಳು, ಅದು ಬೂದಿ ಬಣ್ಣಕ್ಕೆ ತಿರುಗಿತು, ಗೊಂಬೆಯ ಚರ್ಮದ ಬಣ್ಣ. ಅವಳ ಕೈ ಅಲ್ಲೇ ನಿಂತಿತು. ಪರದೆಯಿಂದ ಕಣ್ಣು ತೆಗೆಯದೆ, ಯಾರಿಗೂ ಕೇಳಿಸದ ಹಾಗೆ ಅಂದಳು:

"ಅವತ್ತು ಪಟ್ಟಿ ಕಟ್ಟೋವಾಗ ನೀವು ಅವರಿಗೆ ಹೇಳಿದ್ದು ನನಗೂ ಕೇಳಿಸಿತ್ತು, ಕಾಶಿನಾಥ್ ಅವರೇ. ನಿಮ್ಮ ಕನ್ನಡ ನನಗೆ ಅರ್ಥ ಆಗಲ್ಲ ಅಂತ ಅಂದುಕೊಂಡಿದ್ರಾ?"

ಅವಳು ಮೌಸಿನ ಗುಂಡಿ ಒತ್ತಿದಳು. ಇಳಿಜಾರು ಮಾಯವಾಯಿತು.

ಹೇಳಿದ್ದು ದೊಡ್ಡ ಮಾತೇನೂ ಆಗಿರಲಿಲ್ಲ. ಅವತ್ತು ಸೈಟಿನ ತಗಡಿನ ಶೆಡ್ಡುಗಳ ಮುಂದೆ ಹೆಂಗಸರು ಸಾಲಾಗಿ ಕೂತಿದ್ದರು, ಯಾದಗಿರಿ, ಗುರುಮಿಠಕಲ್, ಸೇಡಂ ಕಡೆಯವರು. ರವಿಕೆಯ ಒಳಗೆ, ಮೊಲೆಯ ಕೆಳಗೆ ಪಟ್ಟಿ ಕಟ್ಟಬೇಕು ಎಂದಾಗ ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ಒತ್ತಿದರು. ಒಪ್ಪಿಗೆ ಪತ್ರ ಹಿಂದಿಯಲ್ಲಿದ್ದುದರಿಂದ ಶ್ರೀವಿದ್ಯಾ ಅದರ ಒಂದೊಂದೇ ವಾಕ್ಯ ಓದಿ ಹೇಳುವುದು, ಕಾಶಿನಾಥ ಅದನ್ನು ಇವರ ಮಾತಿಗೆ ತಿರುಗಿಸುವುದು ಎಂದು ಮೊದಲೇ ಗೊತ್ತಾಗಿತ್ತು. ಇದರಿಂದ ನಿಮಗೆ ನೇರವಾಗಿ ಯಾವ ಉಪಯೋಗವೂ ಇಲ್ಲ ಎಂದು ಅವಳು ಹೇಳಿದಳು. ಯಾವ ಉಪಯೋಗವೂ ಇಲ್ಲದ್ದನ್ನು ಎದೆಗೆ ಕಟ್ಟಿಕೊಳ್ಳಿ ಎಂದು ಯಾವ ಬಾಯಿಂದ ಹೇಳುವುದು? ಹತ್ತು ದಿನದಿಂದ ಸೈಟಿಂದ ಸೈಟಿಗೆ ಅಲೆದರೂ ಎಲ್ಲಿಯೂ ಒಬ್ಬ ಹೆಂಗಸೂ ಒಪ್ಪಿರಲಿಲ್ಲ, ಪ್ರೊಫೆಸರ್ ದಿನಾ ಸಂಜೆ ಅವನ ಮುಖ ನೋಡದೆ ಹಣೆ ಉಜ್ಜಿಕೊಳ್ಳುತ್ತಿದ್ದರು. ಅವನಿಗೆ ಅವರ ಮೇಲೆ, ಈ ಹೆಂಗಸರ ಮೇಲೆ, ನೆತ್ತಿ ಸುಡುವ ಬಿಸಿಲಿನ ಮೇಲೆ ಒಟ್ಟಿಗೇ ಸಿಟ್ಟು ಬಂದಿತ್ತು. ಅವನು ತಿರುಗಿಸಿ ಹೇಳಿದ: ಇದನ್ನ ಕಟ್ಟಿಕೊಂಡ್ರ ನಿಮ್ಮ ಎದಿ ಹೆಂಗ ಬಡೀತೈತಿ ಅಂತ ಅಲ್ಲಿ ಡಾಕ್ಟರು ಕುಂತು ನೋಡತಿರತಾರ, ಏನಾರ ಹೆಚ್ಚುಕಡಿಮಿ ಆತಂದ್ರ ಅಲ್ಲಿಂದ ನಮಗ ಹೇಳತಾರ, ನಾವು ಓಡಿ ಬರತೀವಿ. ಎಲ್ಲರಿಗಿಂತ ಮೊದಲು ಎದ್ದವಳು ಗದಿಗೆಮ್ಮ. ಗಂಡ ದ್ಯಾವಪ್ಪನ ಕಡೆ ತಿರುಗಿ, ನೀ ಅಂತೂ ಒಂದಿನಾ ನನ್ನ ಎದಿ ಮಾತ ಕೇಳಲಿಲ್ಲ, ಇವರರ ಕೇಳಲಿ ಎಂದಳು. ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಎದ್ದರು. ಶ್ರೀವಿದ್ಯಾ ಪಟ್ಟಿಗಳ ಪೆಟ್ಟಿಗೆ ಎತ್ತಿಕೊಂಡು ಹೆಂಗಸರ ಹಿಂದೆ ಶೆಡ್ಡಿನೊಳಗೆ ಹೋದಳು. ಹೋಗುವಾಗ ಅವಳು ಅವನ ಕಡೆ ಒಮ್ಮೆ ನೋಡಿದ್ದಳಲ್ಲವೆ? ಆ ನೋಟವನ್ನು ಅವನು ಮೆಚ್ಚುಗೆ ಎಂದುಕೊಂಡಿದ್ದ.

ಹೊರಡುವಾಗ ಪ್ರೊಫೆಸರ್ ನೆನಪಿಸಿದರು. ಒಂದು ಪಟ್ಟಿ ಇನ್ನೂ ವಾಪಸು ಬಂದಿಲ್ಲ, ಆಕೆಯದು. ಹೊರದೇಶದಿಂದ ತರಿಸಿದ ಮಾಲು, ಇವತ್ತೇ ಹೋಗಿ ತಾ. ದುಃಖದಲ್ಲಿದ್ದಾರೆ, ಗಲಾಟೆ ಮಾಡಬೇಡ, ನಿನ್ನ ಬಾಯಿ ಸ್ವಲ್ಪ ಬಿಗಿಹಿಡಿ ಎಂದೂ ಹೇಳಿದರು. ಕೆಟ್ಟ ಮನುಷ್ಯನಲ್ಲ. ಸುದ್ದಿ ಬಂದ ದಿನ ಅವರು ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ದದ್ದನ್ನು ಕಾಶಿನಾಥ ನೋಡಿದ್ದ. ಮಾರನೆಯ ದಿನ ಬಂದು, ಅಧ್ಯಯನ ಮುಂದುವರಿಯುವುದೇ ಆಕೆಗೆ ಸಲ್ಲಿಸುವ ಗೌರವ ಎಂದಿದ್ದರು. ಆ ಮಾತು ನಿಜವೋ ಸುಳ್ಳೋ ಅವನಿಗೆ ಇವತ್ತಿಗೂ ಬಗೆಹರಿದಿರಲಿಲ್ಲ.

ಭರತನಗರದಲ್ಲಿ ಲೋಕಲ್ ರೈಲು ಹತ್ತಿದಾಗ ಡಬ್ಬಿಯಲ್ಲಿ ಜನ ಕಡಿಮೆ ಇದ್ದರು. ಕಿಟಕಿಯ ಕಬ್ಬಿಣದ ಸರಳು ಮುಟ್ಟಲಾರದಷ್ಟು ಕಾದಿತ್ತು. ಬೊರಬಂಡಾ ದಾಟುವಾಗ ಎದುರಿನ ಸೀಟಿನ ಮುದುಕಿಯೊಬ್ಬಳು ಬಾಟಲಿ ಎತ್ತಿ ಗಟಗಟ ನೀರು ಕುಡಿದಳು, ಗಂಟಲು ಮೇಲೆ ಕೆಳಗೆ ಆಡಿತು, ಕಾಶಿನಾಥ ಮುಖ ತಿರುಗಿಸಿದ. ಗಾಳಿಯ ಬಿಸಿಯನ್ನು ಅಳೆಯಲು ಅವನು ಸ್ಲ್ಯಾಬಿನ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುತ್ತಿದ್ದ. ಅದರ ಒಂದು ಕೈಗೆ ತೆಂಗಿನಕಾಯಿಯಷ್ಟು ದೊಡ್ಡ ಕಪ್ಪು ತಾಮ್ರದ ಗುಂಡು, ಇನ್ನೊಂದು ಕೈಗೆ ಥರ್ಮಾಮೀಟರು. ಅದರ ಮೂತಿಗೆ ಹತ್ತಿಯ ಬತ್ತಿ, ಬತ್ತಿಯ ತುದಿ ಒಂದು ಬಟ್ಟಲ ನೀರಿನಲ್ಲಿ. ಬತ್ತಿ ಒಣಗಬಾರದು, ಒಣಗಿದರೆ ಅಳತೆ ಹಾಳು. ಅದಕ್ಕೆ ಸಾದಾ ನೀರೂ ಆಗದು, ಬ್ಯಾಟರಿಗೆ ಹಾಕುವಂಥ ಶುದ್ಧ ನೀರೇ ಬೇಕು. ಗದಿಗೆಮ್ಮ ಸತ್ತ ದಿನ ನೀರಿನ ಟ್ಯಾಂಕರ್ ಬಂದಿರಲಿಲ್ಲ. ಡ್ರಮ್ಮಿನ ತಳದ ನೀರನ್ನು ಸಿಮೆಂಟಿಗೆ ಉಳಿಸಬೇಕೆಂದು ಸೂಪರ್‌ವೈಜರ್ ಮಿಲಿಂದ ಕುಡಿಯುವ ಲೋಟ ಎತ್ತಿಟ್ಟಿದ್ದ. ಕಾಶಿನಾಥ ಚೀಲದಿಂದ ಬಾಟಲಿ ತೆಗೆದು ಬಟ್ಟಲಿಗೆ ನೀರು ಸುರಿಯುವಾಗ ಖಾಲಿ ಬುಟ್ಟಿ ಹಿಡಿದು ಗದಿಗೆಮ್ಮ ನಿಂತಳು. ನಿಮ್ಮ ಕರೀ ಗುಂಡಿಗೆ ನೀರಡಿಕಿ ಆತೇನ್ರಿ ಅಣ್ಣಾರ ಎಂದಳು. ಟವೆಲಿನ ಸಂದಿಯಲ್ಲಿ ಕಣ್ಣು ನಗುತ್ತಿದ್ದವು. ನಮಗೂ ಒಂದ ಗುಟಕ ಹಾಕ್ರಿ. ಇದು ಕುಡಿಯೋದಲ್ಲ, ಹೋಗ ಕೆಲಸ ನೋಡ ಎಂದು ಅವನು ಹರಿಹಾಯ್ದ. ಅದು ನಿಜವೇ, ಅದು ಕುಡಿಯುವ ನೀರಲ್ಲ. ಆದರೆ ಚೀಲದ ಇನ್ನೊಂದು ಬದಿಯಲ್ಲಿ ತಾರಾ ತುಂಬಿಕೊಟ್ಟ ಕುಡಿಯುವ ನೀರಿನ ಬಾಟಲಿ ಇತ್ತು, ಅರ್ಧ ತುಂಬಿದ್ದು. ಆ ಗಳಿಗೆಯಲ್ಲಿ ಅದು ಅವನಿಗೆ ನೆನಪಾಗಲಿಲ್ಲವೋ, ಅಥವಾ ನೆನಪಾಗಿಯೂ ಕೈ ಹೋಗಲಿಲ್ಲವೋ? ಚಂದಾನಗರ ಬರುವತನಕ ಅವನು ಆ ಗಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ನೆನಪಾಗಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು, ಇಲ್ಲ ಎಂದು ಒಮ್ಮೆ. ಇದನ್ನು ಅಳೆಯುವ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ.

ಪಟ್ಟಿಗಳು ಕಳಿಸುವ ಬಡಿತವೆಲ್ಲ ಒಂದು ಫೋನಿಗೆ ಬಂದು ಸೇರುತ್ತಿತ್ತು. ಆ ಫೋನು ಕರೀ ಗುಂಡಿನ ಕಾಲ ಬಳಿ, ಚೀಲದೊಳಗೆ, ಪರದೆ ಆರಿಸಿಕೊಂಡು ಬಿದ್ದಿರುತ್ತಿತ್ತು. ತೆರೆದು ನೋಡಬಾರದು ಎಂದೇನೂ ಇರಲಿಲ್ಲ, ನೋಡಬೇಕು ಎಂದೂ ಇರಲಿಲ್ಲ. ಅಳೆಯುವವನು ನಡುವೆ ಕೈ ಹಾಕಬಾರದು, ಹಾಕಿದರೆ ಅಳೆಯುವ ವಸ್ತುವೇ ಬದಲಾಗುತ್ತದೆ ಎಂದು ಪ್ರೊಫೆಸರ್ ಗೊಂಬೆಯ ಮುಂದೆ ನಿಂತು ಹುಡುಗರಿಗೆ ಹೇಳುತ್ತಿದ್ದ ಮಾತು ಅವನಿಗೂ ಬಾಯಿಪಾಠವಾಗಿತ್ತು. ಆ ದಿನ ಊಟವಾದ ಮೇಲೆ ಅವನು ಕೆಳಗೆ ಮಿಲಿಂದನ ತಗಡಿನ ಆಫೀಸಿಗೆ ಹೋಗಿ ಕೂಲರಿನ ಮುಂದೆ ಕೂತ. ಕೂಲರಿನ ಗಾಳಿಗೆ ಹುಲ್ಲಿನ ವಾಸನೆ ಇತ್ತು, ಊರಿನ ಹೊಲದ ಬದುವಿನ ವಾಸನೆ. ಕಣ್ಣು ಹತ್ತಿತು. ಮೇಲಿಂದ ಕೂಗು ಕೇಳಿದಾಗ ಕನಸಿನಲ್ಲಿ ಯಾರೋ ಎತ್ತು ಹೊಡೆಯುತ್ತಿದ್ದಾರೆ ಎಂದುಕೊಂಡ.

ಲಿಂಗಂಪಲ್ಲಿಯಲ್ಲಿ ಇಳಿದು ಶೇರ್ ಆಟೋ ಹಿಡಿದು ಸೈಟಿನ ಹತ್ತಿರ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇವತ್ತೂ ಸ್ಲ್ಯಾಬ್ ಹಾಕುವುದಿತ್ತು, ಐದನೆಯ ಅಂತಸ್ತಿನದು. ಮಿಕ್ಸರ್ ಗಡಗಡ ಉರುಳುತ್ತಿತ್ತು, ಲಿಫ್ಟಿನ ತೊಟ್ಟಿಲು ಕಾಂಕ್ರೀಟು ತುಂಬಿಕೊಂಡು ಕಿರುಗುಟ್ಟುತ್ತ ಏರುತ್ತಿತ್ತು. ಮಿಲಿಂದ ಎದುರಿಗೇ ಸಿಕ್ಕ. ಔರಾದ ಕಡೆಯವನು, ಮರಾಠಿ ಬೆರೆತ ಕನ್ನಡ. ಕಾಶಿನಾಥನ ಕೈಯಲ್ಲಿ ಕರೀ ಗುಂಡು ಇಲ್ಲದ್ದನ್ನು ನೋಡಿ ಸಮಾಧಾನವಾಗಿ, ಅದನ್ನ ಮತ್ತ ಮ್ಯಾಲ ಇಟ್ಟೀರಿ ಜೋಕೆ, ನೀನೂ ಏರಬ್ಯಾಡ, ಒಬ್ಬಾಕಿ ಹಾರ್ಟ್ ಫೇಲ್ ಆಗಿ ಸತ್ತದ್ದಕ್ಕ ಪೊಲೀಸರ ಮುಂದ ನಿಂತು ಸಾಕಾಗೈತಿ ಎಂದ. ದ್ಯಾವಪ್ಪ ಶೆಡ್ಡಿನ ಕಡೆ ಇದ್ದಾನೆ ಎಂದು ಕೈ ತೋರಿಸಿದ.

ದ್ಯಾವಪ್ಪ ಹೆಂಡತಿಯನ್ನು ಗುರುಮಿಠಕಲ್ಲಿನ ಆಚೆಯ ತನ್ನ ಊರಿಗೆ ಒಯ್ದು ಮಣ್ಣು ಮಾಡಿ, ಮೂರನೆಯ ದಿನದ ಕಾರ್ಯ ಮುಗಿಸಿ ಬಂದಿದ್ದ. ತಲೆ ಬೋಳಿಸಿದ್ದರಿಂದ ಅವನ ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು. ಕಬ್ಬಿಣದ ಸಲಾಕೆ ಬಾಗಿಸುವ ಕೆಲಸ ಅವನದು. ಊಟಕ್ಕೆ ಬಂದು ಶೆಡ್ಡಿನ ನೆರಳಿನಲ್ಲಿ ಕೂತಿದ್ದ. ಕಾಶಿನಾಥನನ್ನು ಕಂಡು ಎದ್ದು ನಿಂತ, ಒಳಗಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಂಗೈಯಿಂದ ಒರೆಸಿ ಇಟ್ಟ, ಮಡಕೆಯಿಂದ ತಂಬಿಗೆ ನೀರು ಕೊಟ್ಟ. ಕಾಶಿನಾಥ ತಂಬಿಗೆ ಹಿಡಿದುಕೊಂಡ, ಕುಡಿಯಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಬೈದರೆ ತಾನೂ ನಾಲ್ಕು ಮಾತು ಆಡಬಹುದಿತ್ತು, ಕೈ ಮಿಲಾಯಿಸಿದರೆ ಹೊಡೆತ ತಿನ್ನಬಹುದಿತ್ತು. ದ್ಯಾವಪ್ಪ ನೆಲದ ಮೇಲೆ ಕೂತು, ಊರಿನಲ್ಲಿ ಎಷ್ಟು ಜನ ಬಂದಿದ್ದರು, ಯಾರು ಬರಲಿಲ್ಲ ಎಂದು ಹೇಳಿದ. ಆಮೇಲೆ ಮೊಣಕಾಲು ಅಪ್ಪಿಕೊಂಡು ಅಂದ:

"ನಮ್ಮ ಮಂದಿ ಬಿಸಲಾಗ ಸತ್ತರ ನಾಯಿ ಸತ್ತಂಗ್ರಿ, ಸಾಹೇಬ್ರ. ಯಾರೂ ತಿರುಗಿ ನೋಡಂಗಿಲ್ಲ. ಈಕಿಗೆ ಹಂಗಾಗಲಿಲ್ಲ. ಅಷ್ಟ ದೊಡ್ಡ ಡಾಕ್ಟರು ಕುಂತು ನೋಡಾಕತ್ತಿದ್ರು. ಅವರ ಕೈಲೇ ಆಗಲಿಲ್ಲಂದ್ರ ಆಕಿ ಹಣೇಬರ. ಊರಾಗ ಎಲ್ಲಾರಿಗೂ ಅದನ್ನ ಹೇಳೀನಿ."

ತಂಬಿಗೆಯ ಹೊರಮೈ ಬೆವರಿತ್ತು. ಹನಿಯೊಂದು ಕಾಶಿನಾಥನ ಮುಂಗೈಗೆ ಇಳಿದು ಅಂಗಿಯ ತೋಳಿನೊಳಗೆ ಹೋಯಿತು. ಒಂದು ಮಾತು ಕೇಳುವುದಿದೆ ಎಂದ ದ್ಯಾವಪ್ಪ. ಆ ದಿನ ಮಧ್ಯಾಹ್ನ ತಲೆ ತಿರುಗುತ್ತದೆ ಎಂದು ಆಕೆ ಒಮ್ಮೆ ಗೋಡೆ ಹಿಡಿದು ನಿಂತಿದ್ದಳಂತೆ. ಜೊತೆಯವರು ಕೆಳಗೆ ಹೋಗಿ ಕೂತುಕೋ ಎಂದರಂತೆ. ಎದೆಯ ಮೇಲೆ ಕೈ ಇಟ್ಟು, ಪಟ್ಟಿ ಐತೆಲ್ಲ, ಕೂಡೋ ಹೊತ್ತಾದ್ರ ಅವರ ಹೇಳತಾರ ಬಿಡ್ರಿ ಎಂದಳಂತೆ. ಮತ್ತೆ ಬುಟ್ಟಿ ಎತ್ತಿದಳಂತೆ. ಅದನ್ನು ಅವನು ಹೆಂಡತಿಯ ಧೈರ್ಯದ ಮಾತೆಂಬಂತೆ ಹೇಳಿದ. "ಅದೆಲ್ಲಾ ಇರ್ಲಿರಿ. ಕಡೀ ಗಳಿಗ್ಯಾಗ ಆಕಿಗೆ ಭಾಳ ತ್ರಾಸ ಆತೇನ್ರಿ? ಅಲ್ಲಿ ನೋಡಿದವರಿಗೆ ತಿಳದಿರತೈತಿ."

ಹೆದರಿದ ಇಲಿಯಂತೆ ಓಡಾಡಿದ ಕೆಂಪು ಗೆರೆ ಕಾಶಿನಾಥನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಬೂದಿ ಬಣ್ಣದ ಇಳಿಜಾರು, ಶ್ರೀವಿದ್ಯಾ ಅಳಿಸಿದ್ದು. ಈ ಮನುಷ್ಯ ಬೋಳು ತಲೆ ಎತ್ತಿ ಅವನ ಬಾಯನ್ನೇ ನೋಡುತ್ತಿದ್ದ. "ಇಲ್ಲ," ಎಂದ ಕಾಶಿನಾಥ. "ತ್ರಾಸ ಆಗಿಲ್ಲ. ಕಡೀಕ ಮೈ ತಣ್ಣಗಾಗಿತ್ತು. ಮಷೀನದಾಗ ಹಂಗ ಐತಿ, ನಾ ಇವತ್ತ ಮುಂಜಾನಿ ಕಣ್ಣಾರೆ ನೋಡೀನಿ." ಸುಳ್ಳು ಹೇಳಿದೆನೇ? ಮಷೀನಿನಲ್ಲಿ ಹಾಗೆಯೇ ಇತ್ತು. ದ್ಯಾವಪ್ಪ ಹೂಂ ಎಂದು ದೀರ್ಘವಾಗಿ ಉಸಿರು ಬಿಟ್ಟ, ಕೈ ಎತ್ತಿ ಯಾವುದೋ ದಿಕ್ಕಿಗೆ ಮುಗಿದ. ಆ ದಿಕ್ಕಿನಲ್ಲಿ ಮಿಕ್ಸರ್ ಇತ್ತು. ಆಗ ಕಾಶಿನಾಥ ತಂಬಿಗೆಯ ನೀರನ್ನು ಒಂದೇ ಗುಟುಕಿಗೆ ಕುಡಿದ, ಕೂಲಿ ಪಡೆದವನ ಹಾಗೆ.

ಪಟ್ಟಿಯ ಮಾತು ತೆಗೆದಾಗ ದ್ಯಾವಪ್ಪನಿಗೆ ಸಂಕೋಚವಾಯಿತು. ಅದು ಮಗಳ ಹತ್ತಿರ ಇದೆ ಎಂದ. ಗಂಗಾ, ಹೋದ ವರ್ಷ ಮದುವೆಯಾದವಳು, ತಾಯಿಯ ಜಾಗಕ್ಕೆ ಬುಟ್ಟಿ ಹೊರಲು ಬಂದಿದ್ದಾಳೆ. ತಾಯಿಯ ಮೈ ತೊಳೆಯುವಾಗ ಪಟ್ಟಿ ಬಿಚ್ಚಿದವಳು ಅವಳೇ. ಈ ಬಿಸಿಲಿನಲ್ಲಿ ಅವಳನ್ನು ಮೇಲೆ ಕಳಿಸಲು ತನಗೆ ಮನಸ್ಸಿರಲಿಲ್ಲ, ಆದರೆ ಎದೆಗೆ ಪಟ್ಟಿ ಕಟ್ಟಿಕೊಂಡಿದ್ದಾಳಲ್ಲ ಎಂದು ಧೈರ್ಯ ಮಾಡಿ ಕಳಿಸಿದೆ ಎಂದ. ಕಾಶಿನಾಥನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಗಂಗಾ ಕರೆದ ಮೇಲೆ ಇಳಿದು ಬಂದಳು. ಹಸಿರು ಸೀರೆ, ಮೇಲೆ ತಂದೆಯ ಅಂಗಿ, ಮುಖಕ್ಕೆ ಸುತ್ತಿದ ಟವೆಲು. ಕಣ್ಣ ಸುತ್ತ ಸಿಮೆಂಟಿನ ಧೂಳು ಬೆವರಿಗೆ ಹತ್ತಿ ಗಟ್ಟಿಯಾಗಿತ್ತು. ಪಟ್ಟಿ ಸಂಸ್ಥೆಯದು, ವಾಪಸು ಕೊಡಬೇಕು ಎಂದು ಕಾಶಿನಾಥ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದ. ಅವಳು ಅಂಗಿಯ ಮೇಲಿಂದಲೇ ಎದೆಯ ಕೆಳಗೆ ಕೈ ಒತ್ತಿ ಹಿಡಿದಳು. ಸಂಜೆ ಕೆಲಸ ಮುಗಿದ ಮೇಲೆ ತೊಳೆದು ಕೊಡುತ್ತೇನೆ ಎಂದಳು. ಇಲ್ಲ, ಈಗಲೇ ಬೇಕು ಎಂದ. ಯಾಕೆ ಎಂದಳು. ಅವಳು ಎದುರುಮಾತು ಆಡುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು. ಮೇಲೆ ಲಿಫ್ಟಿನವನು ತಗಡು ಬಡಿದು ಅವಳನ್ನು ಕೂಗಿದ. ಹೇಳದೆ ಪಟ್ಟಿ ಇಸಿದುಕೊಂಡು ಹೋಗಬಹುದು, ಇಬ್ಬರೂ ಮರ್ಯಾದೆಯವರು, ಗಟ್ಟಿಸಿ ಕೇಳಿದರೆ ಬಿಚ್ಚಿ ಕೊಡುತ್ತಾರೆ. ನಾಳೆ ಇನ್ನೊಂದು ಸೈಟಿನಲ್ಲಿ ಇನ್ನೊಬ್ಬಳ ಎದೆಗೆ ಅದನ್ನೇ ಕಟ್ಟಬಹುದು. ಹೇಳಿದರೆ ಈ ಬೋಳು ತಲೆಯವನ ಕೈಯಲ್ಲಿ ಉಳಿದಿರುವ ಒಂದು ಸಮಾಧಾನವನ್ನು ಕಿತ್ತುಕೊಂಡ ಹಾಗೆ. ಇಷ್ಟೆಲ್ಲ ಯೋಚಿಸುವಷ್ಟು ಹೊತ್ತು ಅವನ ಸಿಟ್ಟು ಯಾವತ್ತೂ ಕಾದದ್ದಿಲ್ಲ. ಅದು ಬಾಯಿಗೆ ಬಂದೇಬಿಟ್ಟಿತು.

"ಯಾರೂ ನೋಡಂಗಿಲ್ಲಬೇ," ಎಂದು ಅರಚಿದ. "ಅದರಾಗ ಏನೂ ಇಲ್ಲ. ಅಲ್ಲಿ ಯಾವ ಡಾಕ್ಟರೂ ಕುಂತಿಲ್ಲ. ಅದು ಬರೇ ಒಂದ ಫೋನಿಗೆ ಬರಕೋತೈತಿ. ಆ ಫೋನೂ ಈಗ ಇಲ್ಲಿಲ್ಲ. ನೀ ಮ್ಯಾಲ ಬಿದ್ದ ಸತ್ತರೂ ಯಾರಿಗೂ ತಿಳ್ಯಂಗಿಲ್ಲ. ನಾ ಸುಳ್ಳ ಹೇಳಿದ್ದೆ. ನಿಮ್ಮವ್ವಗ ಸುಳ್ಳ ಹೇಳಿ ಕಟ್ಟಿಸಿದ್ದೆ."

ಮಿಕ್ಸರಿನ ಹತ್ತಿರದವರು ತಿರುಗಿ ನೋಡಿದರು. ಗಂಗಾಳ ಕಣ್ಣು ತಂದೆಯ ಕಡೆ ಹೋದವು. ದ್ಯಾವಪ್ಪ ಏಳಲಿಲ್ಲ, ಕೂಗಲಿಲ್ಲ. ಸಲಾಕೆ ಬಾಗಿಸಿ ಒರಟಾದ ಬೆರಳುಗಳಿಂದ ಬೋಳು ತಲೆಯನ್ನು ಒಮ್ಮೆ ಸವರಿಕೊಂಡ. "ಈಗರ ಹೇಳಿದ್ರೆಲ್ಲ," ಎಂದ, "ಕಡೀಕ ತಣ್ಣಗಾಗಿದ್ಲು ಅಂತ. ಯಾರೂ ನೋಡದ ಅದ್ಹೆಂಗ ತಿಳೀತು?"

"ಅದು ಆಮ್ಯಾಲ ನೋಡಿದ್ದು."

"ಆಮ್ಯಾಲ ಅಂದ್ರ?"

"ಸತ್ತ ಮ್ಯಾಲ."

ದ್ಯಾವಪ್ಪನ ಮುಖದ ಮೇಲೆ ಸಣ್ಣ ನಗೆ ಬಂತು. ತಪ್ಪು ಮಾಡಿ ಸಿಕ್ಕಿಬಿದ್ದವನನ್ನು ನಾಲ್ಕು ಜನರ ಮುಂದೆ ಬಿಟ್ಟುಕೊಡಬಾರದೆಂಬ ಹಿರಿಯನ ನಗೆ. "ಸತ್ತ ಮ್ಯಾಲ ಯಾರಾರ ನೋಡತಾರೇನ್ರಿ, ಸಾಹೇಬ್ರ," ಎಂದ. "ಬದುಕಿದ್ದಾಗ ನೋಡಿದ್ರ ಒಂದ ಅರ್ಥ ಐತಿ. ಪಟ್ಟಿ ತುಟ್ಟೀದು, ನಿಮಗ ಮ್ಯಾಲಿನವರ ಬೈತಾರ, ನನಗ ಗೊತ್ತಾಗತೈತಿ. ಬೇಕಂದ್ರ ಬೇಕಂತ ಕೇಳ್ರಿ. ಅದಕ್ಕ ಸತ್ತಾಕಿ ಮ್ಯಾಲ ಇಂಥಾ ಮಾತ ಆಡಬ್ಯಾಡ್ರಿ." ಮಗಳ ಕಡೆ ತಿರುಗಿ, ಸಂಜೆ ಕೊಡುವಿಯಂತೆ, ಈಗ ಹೋಗು, ಲಿಫ್ಟಿನವ ಕೂಗಾಕತ್ತಾನ ಎಂದ. ಗಂಗಾ ಟವೆಲನ್ನು ಬಿಗಿ ಮಾಡಿಕೊಂಡಳು. ಕಾಶಿನಾಥ ಅವಳ ಅಂಗಿಯ ತೋಳಿಗೆ ಕೈ ಹಾಕಿದ. ಆಗ ದ್ಯಾವಪ್ಪ ಎದ್ದು ನಿಂತ, ಮಿಕ್ಸರಿನ ಬಳಿಯಿಂದ ಇಬ್ಬರು ಗಂಡಸರು ಸಲಿಕೆ ಹಿಡಿದೇ ಈಚೆ ಬಂದರು, ಮಿಲಿಂದ ತಗಡಿನ ಆಫೀಸಿನಿಂದ ಹೊರಬಂದು, ಕ್ಯಾ ಹೋ ರಹಾ ಹೈ ಎಂದ. ಕೈ ತಾನಾಗಿ ಬಿಟ್ಟಿತು. ಅಂಗಿಯ ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಅವಳು ಕಂಬಿ ಕಟ್ಟದ ಮೆಟ್ಟಿಲನ್ನು ಗೋಡೆಯ ಬದಿಯಿಂದ ಹತ್ತಿ ತಿರುವಿನಲ್ಲಿ ಮರೆಯಾದಳು.

ನೀರಿನ ಟ್ಯಾಂಕರ್ ಬಂದಿದೆಯೇ ಎಂದು ಕಾಶಿನಾಥ ಮಿಲಿಂದನನ್ನು ಕೇಳಿದ. ಬಂದಿದೆ, ನಿನಗೇನು ಎಂದ ಅವನು. ಒಂದು ಗಳಿಗೆಗೊಮ್ಮೆ ಅವಳನ್ನು ನೆರಳಿಗೆ ಕೂರಿಸಲು ಹೇಳಿದ. ಸ್ಲ್ಯಾಬ್ ನಡುವೆ ನಿಲ್ಲಿಸಿದರೆ ಬಿರುಕು ಬಿಡುತ್ತದೆ ಎಂದು ಮಿಲಿಂದ ಗೇಟಿನ ಕಡೆ ಕೈ ಮಾಡಿದ.

ಗೇಟಿನ ಆಚೆ ರಸ್ತೆಯಲ್ಲಿ ಒಂದು ಗಿಡವೂ ಇರಲಿಲ್ಲ. ಎದುರು ಬದಿಯ ಮರಳಿನ ಗುಡ್ಡೆಯ ಮೇಲೆ ಏರಿ ನಿಂತರೆ ಸ್ಲ್ಯಾಬಿನ ಅಂಚು ಕಾಣುತ್ತಿತ್ತು. ಚೀಲದಲ್ಲಿ ಅವನ ಸ್ವಂತ ಫೋನು ಗುಂಯ್‌ಗುಟ್ಟಿತು. ಪ್ರೊಫೆಸರ್ ಇರಬೇಕು, ಅವನು ತೆಗೆಯಲಿಲ್ಲ. ಚೀಲವನ್ನು ತಲೆಯ ಮೇಲಿಟ್ಟುಕೊಂಡ, ತಾರಾಳ ಕುಪ್ಪಸ ಅದರೊಳಗೆ ಇನ್ನೂ ಇತ್ತು. ಸಂಜೆಯತನಕ ಕೆಳಗಿನಿಂದಲೇ ನೋಡುತ್ತ ನಿಲ್ಲುವುದು, ತಡವರಿಸಿದರೆ ಕೂಗುವುದು, ಕೂಗಿದರೆ ಯಾರಾದರೂ ಹಿಡಿಯುತ್ತಾರೆ. ಇಷ್ಟೇ ಅವನಿಗೆ ಹೊಳೆದದ್ದು. ತೊಟ್ಟಿಲು ಮೇಲಕ್ಕೆ ಹೋಗಿ ನಿಂತಿತು. ಅಂಚಿಗೆ ಒಬ್ಬಳು ಬಂದಳು, ಬುಟ್ಟಿ ತಲೆಗೇರಿಸಿಕೊಂಡು ಒಳಕ್ಕೆ ಹೋದಳು. ಗಂಡಸರ ಅಂಗಿ, ಮುಖಕ್ಕೆ ಟವೆಲು. ಅವಳ ಹಿಂದೆ ಇನ್ನೊಬ್ಬಳು, ಗಂಡಸರ ಅಂಗಿ, ಮುಖಕ್ಕೆ ಟವೆಲು. ಅವಳ ಹಿಂದೆ ಮತ್ತೊಬ್ಬಳು. ಬಿಸಿಲಿನ ಝಳದಲ್ಲಿ ಸೀರೆಗಳ ಬಣ್ಣವೆಲ್ಲ ಸಿಮೆಂಟಿನ ಬೂದಿಯಾಗಿತ್ತು. ಒಬ್ಬಳು ಅಂಚಿನಲ್ಲಿ ಒಂದು ಗಳಿಗೆ ನಿಂತು, ಕೈಯನ್ನು ಎದೆಗೋ ಸೊಂಟಕ್ಕೋ ಒತ್ತಿಕೊಂಡು, ಮತ್ತೆ ಬಾಗಿ ಬುಟ್ಟಿ ಎತ್ತಿದಳು. ಅವಳು ಗಂಗಾ ಆಗಿರಬಹುದಿತ್ತು. ಕಾಶಿನಾಥ ಹೆಸರು ಹಿಡಿದು ಕೂಗಿದ. ಮಿಕ್ಸರಿನ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಂಡು ನೋಡಿದಾಗ ಅವಳು ಸಾಲಿನೊಳಗೆ ಸೇರಿಹೋಗಿದ್ದಳು, ಅವರಲ್ಲಿ ಅವಳು ಯಾರೆಂದು ಗೊತ್ತಾಗಲಿಲ್ಲ.